ತಾಹೋದಲ್ಲಿ ಗಾಳ ಹಾಕಲು ಯಾವ ರಾಜ್ಯದ ಲೈಸೆನ್ಸ್ ಬೇಕು?

ಅಮೆರಿಕದ ಲೇಕ್ ತಾಹೋ ಕ್ಯಾಲಿಫೋರ್ನಿಯಾ, ನೆವಾಡಾ ಎರಡಕ್ಕೂ ಸೇರಿದ ಸರೋವರ. ಗಡಿರೇಖೆ ಉತ್ತರದ ದಡದಿಂದ ನೀರಿಗಿಳಿದು ನೇರ ದಕ್ಷಿಣಕ್ಕೆ ಸಾಗಿ, 39 ಡಿಗ್ರಿ ಅಕ್ಷಾಂಶದಲ್ಲಿ, ಅಂದರೆ ನಡುನೀರಿನಲ್ಲೇ, ಆಗ್ನೇಯಕ್ಕೆ ಹೊರಳುತ್ತದೆ. ಸುಮಾರು ಮೂರರಲ್ಲಿ ಎರಡು ಪಾಲು ನೀರು ಕ್ಯಾಲಿಫೋರ್ನಿಯಾದ್ದು. ದೋಣಿಯಲ್ಲಿ ಕೂತು ಗಾಳ ಬಿಟ್ಟವರು ಗಾಳಿಗೆ ತೇಲುತ್ತಾ ಯಾವ ಗಳಿಗೆಯಲ್ಲಿ ರಾಜ್ಯ ಬದಲಿಸಿದರೋ ಅವರಿಗೇ ಗೊತ್ತಾಗದು. ಹಾಗಾಗಿಯೇ ಎರಡರಲ್ಲಿ ಯಾವ ರಾಜ್ಯದ ಲೈಸೆನ್ಸ್ ಇದ್ದರೂ ಇಡೀ ಸರೋವರದಲ್ಲಿ ಮೀನು ಹಿಡಿಯಬಹುದು. ಬೇ ಏರಿಯಾದ ಕನ್ನಡಿಗರು ವಾರಾಂತ್ಯಕ್ಕೆ ಇಲ್ಲಿಗೆ ಹೊರಟಾಗ ‘ಯಾವುದೋ ಒಂದಿದ್ದರೆ ಸಾಕು’ ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಮಾತು ಸುಳ್ಳಲ್ಲ. ಆದರೆ ಈ ಸವಲತ್ತು ಸರೋವರದ ಅಂಚಿನವರೆಗೆ ಮಾತ್ರ. ಅದನ್ನು ಮರೆತರೆ ದಂಡಕ್ಕೆ ದಾರಿ.

ಆದ್ದರಿಂದ ಲೈಸೆನ್ಸ್ ಕೊಳ್ಳುವ ಮುನ್ನ, ತಾಹೋ ಬಿಟ್ಟು ಇನ್ನೆಲ್ಲಿ ಗಾಳ ಹಾಕುತ್ತೀರಿ ಎಂದು ಯೋಚಿಸಿ. ಹತ್ತಿರದ ಡಾನರ್ ಲೇಕ್, ಫಾಲನ್ ಲೀಫ್ ಲೇಕ್ ಪೂರ್ತಿ ಕ್ಯಾಲಿಫೋರ್ನಿಯಾದವು. ನೆವಾಡಾ ಲೈಸೆನ್ಸ್ ಹಿಡಿದು ಅಲ್ಲಿಗೆ ಹೋದರೆ ನೀವು ಲೈಸೆನ್ಸ್ ಇಲ್ಲದವರೇ. ತಾಹೋ ಸಿಟಿಯಲ್ಲಿ ಸರೋವರದಿಂದ ಹೊರಬೀಳುವ ಟ್ರಕ್ಕಿ ನದಿಯೂ ಈ ಸವಲತ್ತಿನ ಹೊರಗೇ. ಅದು ನೆವಾಡಾಕ್ಕೆ ಹರಿದು ಸೇರುವ ಪಿರಮಿಡ್ ಲೇಕಿನ ಕತೆ ಇನ್ನೂ ಬೇರೆ. ಪೈಯೂಟ್ ಬುಡಕಟ್ಟಿನ ನೆಲದಲ್ಲಿರುವ ಆ ಸರೋವರಕ್ಕೆ ಬುಡಕಟ್ಟಿನ ಆಡಳಿತ ಕೊಡುವ ಪರವಾನಗಿಯೇ ಬೇಕು. ‘ಯಾವುದು ಅಗ್ಗವೋ ಅದನ್ನೇ ಕೊಂಡರಾಯಿತಲ್ಲ’ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಕ್ಯಾಲಿಫೋರ್ನಿಯಾದಲ್ಲಿ ಸತತ ಆರು ತಿಂಗಳು ನೆಲೆಸಿದವರು ಅಲ್ಲಿನ ನಿವಾಸಿಗಳ ದರಕ್ಕೆ ಅರ್ಹರು, ನೆವಾಡಾದಲ್ಲಿ ಅವರು ಹೊರಗಿನವರ ದರ ತೆರಬೇಕು. ವರ್ಷದ ಲೈಸೆನ್ಸ್ ಎರಡೂ ಕಡೆ 365 ದಿನ ನಡೆಯುತ್ತದೆ. ಊರಿಂದ ಬಂದ ನೆಂಟರಿಗಾದರೆ ಒಂದು ದಿನದ್ದೇ ಸಾಕು.

ಮಕ್ಕಳ ವಿಷಯ ತುಸು ತೊಡಕಿನದು. ಕ್ಯಾಲಿಫೋರ್ನಿಯಾದಲ್ಲಿ 16 ವರ್ಷ ತುಂಬುವವರೆಗೆ ಲೈಸೆನ್ಸ್ ಬೇಡ, ನೆವಾಡಾದಲ್ಲಿ 12ಕ್ಕೇ ಬೇಕು. ಹದಿನಾಲ್ಕರ ಹುಡುಗಿ ನೆವಾಡಾ ದಡದಲ್ಲಿ ಗಾಳ ಹಿಡಿದು ನಿಂತರೆ? ಒಂದು ರಾಜ್ಯದ ಲೈಸೆನ್ಸನ್ನು ಇನ್ನೊಂದು ಒಪ್ಪುತ್ತದೆ ಎಂದ ಮೇಲೆ ವಿನಾಯಿತಿಯನ್ನೂ ಒಪ್ಪಬೇಡವೇ ಎಂದು ವಾದಿಸಬಹುದು. ನನಗೆ ಆ ವಾದ ಗಟ್ಟಿ ಅನ್ನಿಸುವುದಿಲ್ಲ. ನೆವಾಡಾ ಮಾನ್ಯ ಮಾಡುವುದು ಲೈಸೆನ್ಸನ್ನು. ಈ ಹುಡುಗಿಯ ಬಳಿ ತೋರಿಸಲು ಅದೇ ಇಲ್ಲ. ಅವಳನ್ನು ಕ್ಯಾಲಿಫೋರ್ನಿಯಾ ಕಡೆಯೇ ಇರಿಸಿಕೊಳ್ಳಿ, ಇಲ್ಲವೇ ಲೈಸೆನ್ಸ್ ಮಾಡಿಸಿ. ಕ್ಯಾಲಿಫೋರ್ನಿಯಾ ವರ್ಷಕ್ಕೆ ಎರಡು ದಿನ ಲೈಸೆನ್ಸ್ ಇಲ್ಲದೆಯೂ ಮೀನು ಹಿಡಿಯಲು ಬಿಡುತ್ತದಲ್ಲ, ಆಗಲೂ ಇದೇ ಎಚ್ಚರ. ಆ ದಿನಗಳಲ್ಲೂ ಮೀನಿನ ಮಿತಿಯೇನೂ ಸಡಿಲವಾಗುವುದಿಲ್ಲ.

ಎರಡೂ ಲೈಸೆನ್ಸ್ ಇಟ್ಟುಕೊಂಡರೆ ದುಪ್ಪಟ್ಟು ಮೀನು ಒಯ್ಯಬಹುದೇ ಎಂಬ ಪ್ರಶ್ನೆ ತಮಾಷೆಯಾಗಿ ಕಾಣಬಹುದು, ಆದರೆ ಕೇಳುವವರಿದ್ದಾರೆ. ಯೂಟಾ, ಐಡಹೋ ಹಂಚಿಕೊಂಡ ಬೇರ್ ಲೇಕಿನಲ್ಲೂ ಒಂದು ಲೈಸೆನ್ಸ್ ಎರಡೂ ಕಡೆ ನಡೆಯುತ್ತದೆ. ಎರಡೂ ರಾಜ್ಯದ್ದು ಇದ್ದರೂ ದಿನಕ್ಕೆ ಒಂದೇ ಮಿತಿ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ತಾಹೋದಲ್ಲೂ ಹಾಗೆಯೇ ಲೆಕ್ಕ ಹಾಕುವುದು ಕ್ಷೇಮ. ಇಲ್ಲಿ ಆಳದ ತಣ್ಣೀರಿನಲ್ಲಿ ಸಿಗುವ ಮ್ಯಾಕಿನಾ ಟ್ರೌಟ್ ದಿನಕ್ಕೆ ಎರಡೇ. ತೊರೆಗಳು ಸರೋವರ ಸೇರುವ ಬಾಯಿಯ ಬಳಿ ಬೇರೆ ನಿರ್ಬಂಧಗಳಿವೆ. ಕಚ್ಚಿಸಲು ಸಣ್ಣ ಮೀನು ಬೇಕೆಂದು ಬೇರೆ ಕೆರೆಯದ್ದನ್ನು ತರಬೇಡಿ. ಎರಡು ಗಾಳದ ಆಸೆಯಿದ್ದರೆ, ಕ್ಯಾಲಿಫೋರ್ನಿಯಾ ಎರಡನೆಯ ಕೋಲಿಗೆ ಪ್ರತ್ಯೇಕ ಶುಲ್ಕ ಕೇಳುತ್ತದೆ ಎಂಬುದು ನೆನಪಿರಲಿ. ಲೈಸೆನ್ಸ್ ಒಂದೇ ಸಾಕೆಂದು ನಿಯಮಪುಸ್ತಕವನ್ನೂ ಒಂದೇ ಓದಿದರೆ ಸಾಲದು. ಎರಡೂ ರಾಜ್ಯಗಳ ಈ ವರ್ಷದ ಪುಸ್ತಕದಲ್ಲಿ ತಾಹೋ ಇರುವ ಪುಟ ನೋಡಿ, ಯಾವುದು ಬಿಗಿಯೋ ಅದನ್ನೇ ಪಾಲಿಸಿ.

ಸ್ವಂತ ಮೋಟಾರ್ ದೋಣಿ ಎಳೆದುಕೊಂಡು ಹೋಗುವವರಿಗೆ ಲೈಸೆನ್ಸಿಗಿಂತ ದೊಡ್ಡ ಬಾಗಿಲು ತಪಾಸಣೆ. 2024ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ಟಾ ನೀರಿನಲ್ಲಿ ಗೋಲ್ಡನ್ ಮಸಲ್ ಎಂಬ ಆಕ್ರಮಣಕಾರಿ ಚಿಪ್ಪುಜೀವಿ ಕಾಣಿಸಿಕೊಂಡ ಮೇಲೆ ಅದು ಇನ್ನಷ್ಟು ಬಿಗಿಯಾಗಿದೆ. ದೋಣಿಯ ಹೊರಮೈ ತೊಳೆದು, ಒಳಗಿನ ನೀರೆಲ್ಲ ಬಸಿದು, ಒಣಗಿಸಿಯೇ ಹೊರಡಿ. ತಪಾಸಣೆಯ ಸಮಯವನ್ನು ಲೈಸೆನ್ಸ್ ಕೊಳ್ಳುವಾಗಲೇ ಗೊತ್ತುಮಾಡಿಕೊಳ್ಳಿ.