ಮರುಕರೆಯ ಪಾಠ

ದೂರವಾಣಿ ತಂತಿಯ ಮೂಲಕ ಎರಡು ಗಣಕಜಾಲಗಳನ್ನು ಬೇಕಾದಾಗ ಮಾತ್ರ ಕೂಡಿಸಿ, ಕೆಲಸ ಮುಗಿದೊಡನೆ ಬಿಡಿಸುವ ಪದ್ಧತಿಯು 1990ರ ದಶಕದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿತ್ತು. ಒಂದು ಜಾಲದಿಂದ ಮತ್ತೊಂದಕ್ಕೆ ಮಾಹಿತಿಯ ದಾರಿಯನ್ನು ನಿರ್ಧರಿಸುವ ಯಂತ್ರಕ್ಕೆ ರೂಟರ್ ಎಂದು ಹೆಸರು. ಅದರ ಸಂಕೇತಗಳನ್ನು ತಂತಿಗೊಪ್ಪುವ ಧ್ವನಿಯನ್ನಾಗಿ ಮಾರ್ಪಡಿಸುವುದು ಮೋಡೆಮ್. ಆ ಪದ್ಧತಿಯು ಈಗ ಬಹುಮಟ್ಟಿಗೆ ಮರೆಯಾಗಿದೆ. ಆದರೆ ಅದರೊಳಗಿನ ‘ಮರುಕರೆ’ ಎಂಬ ಉಪಾಯವು ಇಂದಿಗೂ ಅಭ್ಯಾಸಯೋಗ್ಯವಾಗಿದೆ.

ಟ್ರಂಕ್ ಕಾಲ್ ಕಾಯ್ದಿರಿಸಿದವರಿಗೆ ಈ ಉಪಾಯ ಹೊಸದಲ್ಲ. ಹೆಸರು ಮತ್ತು ಸಂಖ್ಯೆಯನ್ನು ತಿಳಿಸಿ ರಿಸೀವರ್ ಕೆಳಗಿಟ್ಟರೆ, ದಾರಿ ತೆರವಾದಾಗ ವಿನಿಮಯ ಕೇಂದ್ರವೇ ಮರಳಿ ಕರೆಯುತ್ತಿತ್ತು. ರೂಟರುಗಳ ಮರುಕರೆಯೂ ಇದೇ ಬಗೆಯದು. ಕರೆ ಬಂದೊಡನೆ ಎದುರಿನ ರೂಟರು ಕರೆದವರ ಗುರುತನ್ನು ಕೇಳುತ್ತದೆ, ಸಂಪರ್ಕವನ್ನು ಕಡಿಯುತ್ತದೆ, ಬಳಿಕ ತಾನೇ ಮರಳಿ ಕರೆಯುತ್ತದೆ. ಇದರಿಂದ ಕರೆಯ ವೆಚ್ಚವು ಮುಖ್ಯ ಕಚೇರಿಗೆ ಸೇರುತ್ತದೆ. ಕರೆದವನು ನಿಜವಾಗಿಯೂ ಆ ಸ್ಥಳದಲ್ಲಿರುವನೇ ಎಂಬುದೂ ತಿಳಿಯುತ್ತದೆ. 1994ರಲ್ಲಿ ಪ್ರಕಟವಾದ ಪಿಪಿಪಿ ವಿಧಿಯ ವಿಸ್ತರಣೆಯಲ್ಲಿ ಇದಕ್ಕೆ ನಿಯಮಗಳಿವೆ.

ದೋಷಪರೀಕ್ಷೆಗೆ ಈ ನಾಡಿನದೇ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಸುಳ್ಯದ ರೂಟರು ಪುತ್ತೂರಿನದನ್ನು ಕರೆಯುತ್ತದೆ. ಪುತ್ತೂರಿನದು ಮರಳಿ ಕರೆಯಬೇಕು, ಆದರೆ ಸಂಪರ್ಕ ಕೂಡುತ್ತಿಲ್ಲ. ಆಗ ಕೆಳಗಿನ ಮೆಟ್ಟಿಲಿನಿಂದಲೇ ಪರೀಕ್ಷೆ ಆರಂಭವಾಗಬೇಕು.

ಮೊದಲನೆಯದು ತಂತಿ. ಮಳೆಗಾಲದಲ್ಲಿ ಜೋಡಣೆಗಳಿಗೆ ನೀರಿಳಿದರೆ ಕರಕರ ಸದ್ದು ಹುಟ್ಟುತ್ತದೆ. ಮನುಷ್ಯರ ಮಾತು ಅದನ್ನು ಸಹಿಸೀತು, ಮೋಡೆಮ್ ಸಹಿಸದು. ಸಾಮಾನ್ಯ ಫೋನನ್ನು ಅದೇ ತಂತಿಗೆ ಜೋಡಿಸಿ ಆಲಿಸುವುದೇ ಮೊದಲ ಪರೀಕ್ಷೆ.

ಎರಡನೆಯದು ಗುರುತು. ಎರಡೂ ಕಡೆ ಬರೆದಿರುವ ಹೆಸರು ಮತ್ತು ಗುಪ್ತಪದಗಳು ಅಕ್ಷರಶಃ ಹೊಂದಬೇಕು. ಮರುಕರೆಯ ವೇಳೆಯೂ ಗುರುತಿನ ಪರೀಕ್ಷೆ ಮತ್ತೊಮ್ಮೆ ನಡೆಯುತ್ತದೆಂಬುದನ್ನು ಮರೆಯಬಾರದು.

ಮೂರನೆಯದು ಸಂಖ್ಯೆ. ಪುತ್ತೂರಿನ ಕೋಡ್ 08251, ಸುಳ್ಯದ್ದು 08257. ಸುಳ್ಯದ ಸಂಖ್ಯೆಯನ್ನು ಕೋಡಿಲ್ಲದೆ ಬರೆದಿಟ್ಟಿದ್ದರೆ, ಪುತ್ತೂರಿನ ಕೇಂದ್ರವು ಅದನ್ನು ತನ್ನೂರಿನಲ್ಲಿಯೇ ಹುಡುಕುತ್ತದೆ. ಸಂಬಂಧವಿಲ್ಲದ ಮನೆಯಲ್ಲಿ ಗಂಟೆ ಬಾರಿಸಿದರೂ ಬಾರಿಸೀತು. ತಾಲೂಕಿನ ಗಡಿಯನ್ನು ನಂಬಿಯೂ ಫಲವಿಲ್ಲ: ಕಡಬ ಪೇಟೆಗೆ ಪುತ್ತೂರಿನ ಕೋಡ್, ಅದೇ ತಾಲೂಕಿನ ಸುಬ್ರಹ್ಮಣ್ಯಕ್ಕೆ ಸುಳ್ಯದ ಕೋಡ್. ಪುತ್ತೂರಿನ ತಂತಿಗೆ ಎಸ್.ಟಿ.ಡಿ. ಬೀಗವಿದ್ದರೂ ಮರುಕರೆ ಹೊರಡದು.

ನಾಲ್ಕನೆಯದು ಉತ್ತರ. ಸದಾ ಹೊರಕರೆಯನ್ನೇ ಮಾಡುವ ಮೋಡೆಮಿಗೆ ಒಳಕರೆಯನ್ನು ಎತ್ತಿಕೊಳ್ಳುವ ಆದೇಶ ಇಲ್ಲದಿರಬಹುದು. ಎಸ್‌ಸೊನ್ನೆ ಎಂಬ ಸ್ಥಾನದಲ್ಲಿ ಸೊನ್ನೆಯಿದ್ದರೆ ಅದು ಗಂಟೆಯನ್ನು ಕೇಳಿಯೂ ಸುಮ್ಮನಿರುತ್ತದೆ. ಒಂದು ಇದ್ದರೆ ಮೊದಲ ಗಂಟೆಗೇ ಎತ್ತಿಕೊಳ್ಳುತ್ತದೆ.

ಐದನೆಯದು ತಾಳ್ಮೆ. ಪುತ್ತೂರು ಮರಳಿ ಕರೆಯುವ ಮೊದಲೇ ಸುಳ್ಯವು ಅವಸರದಿಂದ ಮತ್ತೆ ಕರೆದರೆ, ಎರಡೂ ತಂತಿಗಳು ಕಾರ್ಯನಿರತವಾಗಿ ಕರೆಗಳು ಪರಸ್ಪರ ತಪ್ಪುತ್ತವೆ. ಕರೆದವನ ಕಾಯುವ ಅವಧಿಯು ಮರಳಿ ಕರೆಯುವವನು ತೆಗೆದುಕೊಳ್ಳುವ ಅವಧಿಗಿಂತ ಹೆಚ್ಚಾಗಿರಲೇಬೇಕು.

ಇಷ್ಟೆಲ್ಲ ಸರಿಯಿದ್ದರೂ ಒಂದು ಸೂಕ್ಷ್ಮ ಉಳಿಯುತ್ತದೆ. ಮರುಕರೆಯ ಸಂಖ್ಯೆಯನ್ನು ಕರೆದವನೇ ಹೇಳುವಂತಿದ್ದರೆ ವೆಚ್ಚದ ಹೊರೆ ಬದಲಾದೀತೇ ಹೊರತು ರಕ್ಷಣೆ ದೊರೆಯದು. ಸಂಖ್ಯೆಯು ತನ್ನ ಪುಸ್ತಕದಲ್ಲಿ ಮೊದಲೇ ಬರೆದಿಟ್ಟದ್ದಾಗಿರಬೇಕು. ಅಲ್ಲದೆ, ಕೆಲವು ವಿನಿಮಯ ಕೇಂದ್ರಗಳಲ್ಲಿ ಕರೆದವನು ಫೋನ್ ಇಡುವವರೆಗೂ ತಂತಿ ಬಿಡುಗಡೆಯಾಗುತ್ತಿರಲಿಲ್ಲ. ವಂಚಕನು ಹಾಗೆಯೇ ಕಾದಿದ್ದರೆ ಮರುಕರೆಯೂ ಅವನ ಕಿವಿಗೇ ಬೀಳುತ್ತಿತ್ತು. ಆದುದರಿಂದ ಮರುಕರೆಗೆ ಬೇರೊಂದು ತಂತಿಯನ್ನು ಮೀಸಲಿಡುವುದು ಉತ್ತಮವೆನಿಸಿತ್ತು.

ಈ ಮಾತು ಯಂತ್ರಗಳಿಗಷ್ಟೇ ಸಲ್ಲುವುದಿಲ್ಲ. ಬ್ಯಾಂಕಿನವರೆಂದೋ ಪೋಲೀಸರೆಂದೋ ಹೇಳಿಕೊಂಡು ಹಿರಿಯರ ಜೀವಮಾನದ ಉಳಿತಾಯವನ್ನು ಕಸಿಯುವ ಕರೆಗಳು ಇಂದು ಹಳ್ಳಿಗಳಿಗೂ ಬರುತ್ತಿವೆ. ಅಂತಹ ಕರೆಯನ್ನು ಕಡಿದು, ಪಾಸ್‌ಬುಕ್ಕಿನಲ್ಲಿರುವ ಸಂಖ್ಯೆಗೆ ತಾವೇ ಕರೆಮಾಡಿ ವಿಚಾರಿಸುವುದೇ ಮರುಕರೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಬೇಕು. ಧ್ವನಿಯನ್ನು ನಂಬದೆ ಗುರುತನ್ನು ಪರೀಕ್ಷಿಸುವ ಈ ವಿವೇಕವನ್ನು ಶಾಲೆಯು ಮಕ್ಕಳಿಗೆ ಕಲಿಸಿದರೆ, ಮಕ್ಕಳು ಅದನ್ನು ಮನೆಯ ಹಿರಿಯರಿಗೆ ತಲುಪಿಸುವರು. ಅರಿವು ಆಚಾರವಾಗುವುದು ಹೀಗೆಯೇ.