ಕಾಯಕಕ್ಕೆ ಮರಳುವಾಗ: ಹುಮ್ಮಸ್ಸಿನ ದಿನ, ಸುಸ್ತಿನ ದಿನ

ಮನೆಗೆ ಹೋಗಿ ಕೆಲವು ದಿನಗಳ ಮೇಲೆ ತಪಾಸಣೆಗೆ ಬರುವವರಲ್ಲಿ ಅನೇಕರದು ಒಂದೇ ಮಾತು: "ಸಿಸ್ಟರ್, ನಿನ್ನೆ ಮೈ ಹಗುರಿತ್ತು, ಎಲ್ಲಾ ಕೆಲಸ ಮಾಡಿದೆ. ಇವತ್ತು ಏಳಾಕ ಆಗವಲ್ದು." ಜೊತೆಗೆ ಬಂದವರು, "ಕೆಲಸದಾಗ ಮನಸ್ಸೇ ಇಲ್ರೀ ಇವರಿಗೆ" ಎನ್ನುತ್ತಾರೆ. ರೋಗಿ ತಲೆ ತಗ್ಗಿಸುತ್ತಾರೆ.

ಇದು ಮೈಗಳ್ಳತನವಲ್ಲ. ದೊಡ್ಡ ಜ್ವರ, ಶಸ್ತ್ರಚಿಕಿತ್ಸೆ, ರಕ್ತಹೀನತೆ ಇವುಗಳ ನಂತರ ಶಕ್ತಿ ದಿನದಿಂದ ದಿನಕ್ಕೆ ಏರುತ್ತಲೇ ಹೋಗುವುದಿಲ್ಲ. ಎರಡು ದಿನ ಚೆನ್ನಾಗಿದ್ದು ಮೂರನೆಯ ದಿನ ಕುಗ್ಗಬಹುದು. ತಪ್ಪಾಗುವುದು ಹುಮ್ಮಸ್ಸಿನ ದಿನವೇ. ಬಾಕಿ ಕೆಲಸವನ್ನೆಲ್ಲ ಅಂದೇ ಮುಗಿಸಿ ಮರುದಿನ ಹಾಸಿಗೆ ಹಿಡಿಯುತ್ತಾರೆ. ಹೀಗೆ ನಾಲ್ಕು ಸಲವಾದರೆ ಕೆಲಸವೆಂದರೇ ಅಂಜಿಕೆ ಬರುತ್ತದೆ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಮರಳಿ ಸುರಿದು ಬರಲು ಹೇಳಿದ ಕಥೆ ನಿಮಗೆ ಗೊತ್ತು. ಅದು ಆಸೆಯ ಕುರಿತಾದದ್ದು ನಿಜ. ವಾರ್ಡಿನಲ್ಲಿ ನಾನು ಅದನ್ನು ದುಡಿಮೆಯ ಅಳತೆಗೂ ಹೇಳುತ್ತೇನೆ.

ಸುಸ್ತಿನ ದಿನ ಎಷ್ಟು ಮಾಡಬಲ್ಲಿರೋ ಅಷ್ಟರಿಂದ ಆರಂಭಿಸಿರಿ. ಹೊಲಿಗೆ ಮಾಡುವವರಾದರೆ ಅರ್ಧ ಗಂಟೆ ಮಷೀನು, ಹತ್ತು ನಿಮಿಷ ವಿಶ್ರಾಂತಿ. ಹುಮ್ಮಸ್ಸಿದ್ದರೂ ಆ ವಾರ ಅಷ್ಟೇ. ಮೈ ತಡೆದುಕೊಂಡರೆ ಮುಂದಿನ ವಾರ ಹತ್ತು ನಿಮಿಷ ಹೆಚ್ಚಿಸಿರಿ. ಸುಸ್ತಿನ ದಿನವೂ ಇಡೀ ದಿನ ಮಲಗಬೇಡಿರಿ. ಕುಳಿತು ಗುಂಡಿ ಹಚ್ಚಿದರೂ ಸಾಕು. ಭಾರ ಎತ್ತುವುದು ಮಾತ್ರ ಡಾಕ್ಟರು ಹೇಳಿದ ಮೇಲೆಯೇ.

ವಾರಗಳು ಕಳೆದರೂ ಸುಸ್ತು ಇಳಿಯದಿದ್ದರೆ ರಕ್ತ, ಸಕ್ಕರೆ, ಥೈರಾಯ್ಡ್ ಪರೀಕ್ಷೆ ಬೇಕಾಗಬಹುದು. ಹಿಮೋಗ್ಲೋಬಿನ್ ಹೆಂಗಸರಲ್ಲಿ 12, ಗಂಡಸರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಕಬ್ಬಿಣಾಂಶದ ಗುಳಿಗೆಯನ್ನು ಚಹಾದ ಜೊತೆ ನುಂಗಬೇಡಿರಿ. ಚಹಾ ಅದನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಮಲ ಕಪ್ಪಾದರೆ ಗಾಬರಿ ಬೇಡ, ಅದು ಗುಳಿಗೆಯ ಬಣ್ಣ. ಎದೆನೋವು, ಉಬ್ಬಸ, ಮತ್ತೆ ಜ್ವರ ಬಂದರೆ ಅಂದೇ ಬನ್ನಿರಿ.

ಎರಡು ವಾರ ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆಯಿಲ್ಲ, ಬದುಕು ಸಾಕೆನಿಸುತ್ತಿದೆ ಎಂದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ನಮ್ಮಲ್ಲಿ ಹೇಳಿರಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿರಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರಲ್ಲಿ ಒಂದು ಬೇಡಿಕೆ. "ಇಷ್ಟೇ ಮಾಡಿದಿಯಾ?" ಎನ್ನುವ ಬದಲು, ಗೋಡೆಯ ಕ್ಯಾಲೆಂಡರಿನಲ್ಲಿ ಅವರು ದಿನಕ್ಕೆ ಎಷ್ಟು ಹೊತ್ತು ಕೆಲಸ ಮಾಡಿದರು, ಹೇಗಿದ್ದರು ಎಂದು ಬರೆದಿಡಿರಿ. ಮುಂದಿನ ತಪಾಸಣೆಗೆ ಅದನ್ನೂ, ಉಳಿದ ಗುಳಿಗೆಗಳನ್ನೂ ತನ್ನಿರಿ.