ಚೌಕಮನೆಗಳ ರಣರಂಗ

ಆಟವೆಂದರೆ ಕೇವಲ ಕಾಲಹರಣವೆಂದು ಭಾವಿಸುವವರುಂಟು. ಆದರೆ ಚಿಕ್ಕಯ್ಯನಛತ್ರದ ಸುತ್ತಿನ ಹಳ್ಳಿಗಳ ಹಿರಿಯರು ಬಲ್ಲ ಹುಲಿ-ಕುರಿಯಾಟದಲ್ಲಿ ಗಹನವಾದ ಪಾಠವೊಂದು ಅಡಗಿದೆ. ಅಲ್ಲಿ 3 ಹುಲಿ, 15 ಕುರಿ, ಗೆರೆಗಳು ಕೂಡುವ 23 ಸ್ಥಾನ. ಹುಲಿ ಬಲಶಾಲಿಯಾದರೂ ಗೆರೆ ಮೀರಿ ನಡೆಯಲಾರದು. ಕುರಿಗಳು ಒಗ್ಗೂಡಿ ಅದನ್ನು ಕಟ್ಟಿಹಾಕಬಲ್ಲವು.

ಗೆರೆಯ ಈ ಶಿಸ್ತೇ ಯುದ್ಧದಾಟಗಳ ಮೂಲ. ಆನೆ, ಕುದುರೆ, ರಥ, ಕಾಲಾಳುಗಳೆಂಬ ಸೇನೆಯ ನಾಲ್ಕು ಅಂಗಗಳಿಂದ ಚದುರಂಗಕ್ಕೆ ಆ ಹೆಸರು ಬಂದಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಬಾರಿ ನಡೆಸುವ ಬಂಧಗಳನ್ನು ರಚಿಸಿದರು. ಜರ್ಮನ್ ಪಂಡಿತ ಹೆಲ್ವಿಗ್ 1780ರಲ್ಲಿ ಚದುರಂಗದ ಮನೆಗಳನ್ನೇ ಹೆಚ್ಚಿಸಿ, ನೆಲದ ಬಗೆಗೆ ತಕ್ಕಂತೆ ಬಣ್ಣ ಕೊಟ್ಟು, ಯುದ್ಧಕಲೆಯನ್ನು ಕಲಿಸುವ ಆಟವನ್ನು ಕಟ್ಟಿದನು. ಇಂದಿಗೂ ಪುಟ್ಟ ಸೈನಿಕಬೊಂಬೆಗಳ ಯುದ್ಧದಾಟದಲ್ಲಿ ಮೇಜಿನ ಮೇಲೆ ಮನೆಗಳನ್ನು ಗುರುತಿಸುವ ಪದ್ಧತಿಯುಂಟು. ಅಳತೆಪಟ್ಟಿಯೂ ಬೇಡ, ಅಳತೆಯ ಜಗಳವೂ ಇಲ್ಲ. ಮನೆಗಳನ್ನು ಎಣಿಸಿದರೆ ಸಾಕು.

ಆದರೆ ಚೌಕಕ್ಕೂ ಒಂದು ದೋಷವುಂಟು. ನೇರನಡೆಯ ದೂರ 1 ಆದರೆ ಮೂಲೆಯಿಂದ ಮೂಲೆಗೆ ಓರೆನಡೆಯ ದೂರ ಸುಮಾರು 1.41. ಎರಡನ್ನೂ ಸಮವೆಂದು ಎಣಿಸಿದರೆ ಓರೆಯಾಗಿ ನಡೆದವನಿಗೆ ಅನ್ಯಾಯದ ಲಾಭ. ಆದುದರಿಂದ ಪ್ರತಿ ಎರಡನೆಯ ಓರೆನಡೆಯನ್ನು 2 ಎಂದು ಎಣಿಸುವುದುಂಟು; ಇಲ್ಲವೇ ಷಟ್ಕೋನದ ಮನೆಗಳನ್ನು ಬಳಸುವುದುಂಟು. ಅಲ್ಲಿ ನೆರೆಯ ಆರು ಮನೆಗಳೂ ಸಮದೂರದಲ್ಲಿರುತ್ತವೆ.

ಶಾಲೆಯ ಅಂಗಳದಲ್ಲಿ ಉಪಾಧ್ಯಾಯರು ಈ ಗೆರೆಗಳನ್ನು ಎಳೆದು ಆಡಿಸಿದರೆ ಪೈಥಾಗೊರಸನ ಪ್ರಮೇಯವು ಬಾಯಿಪಾಠವಾಗಿ ಉಳಿಯದೆ ಅನುಭವವಾದೀತು. ಬಲ್ಲಿದನಿಗೂ ಬಡವನಿಗೂ ಒಂದೇ ಅಳತೆಯೆಂಬುದೇ ನ್ಯಾಯ. ಆಟದಲ್ಲಿ ಅದನ್ನು ಕಲಿತ ಮಗು ಬಾಳಿನಲ್ಲಿ ಮರೆಯಲಾರದು.